ಹೊಲಗೇರಿಯ ಹೊಲ ಎಲ್ಲಿಗೆ ಹೋಯಿತು?

ಊರಿದ್ದ ಕಡೆ ಹೊಲಗೇರಿ ಇದ್ದೇ ಇರುತ್ತೆ ಅಂತ ಒಂದು ಗಾದೆ. ಗಾದೆ ಕಟ್ಟಿದವರು ಹೊಲಗೇರಿಯವರಲ್ಲ. ಮೂಗು ಮುಚ್ಚಿಕೊಂಡು ಆಡಿದ ಮಾತು ಅದು. ಆದರೆ ಈ ಗಾದೆ ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ಊರಿದ್ದ ಕಡೆ ಹೊಲಗೇರಿ ಇತ್ತು, ಸರಿ. ಹೊಲಗೇರಿಗೆ ಹೊಲ ಇತ್ತೆ? ಇದ್ದರೆ ಅದು ಈಗ ಯಾರ ಕೈಲಿದೆ?

ಈ ಪ್ರಶ್ನೆಯನ್ನು ಮಾರತ್ತಹಳ್ಳಿ ಸೀಮೆಯಲ್ಲಿ ನಿಂತು ಕೇಳಬೇಕು. ಮಾರತ್ತಹಳ್ಳಿ, ಮುನ್ನೇಕೊಳಾಲ, ಪಣತ್ತೂರು, ಕಾಡುಬೀಸನಹಳ್ಳಿ, ವರ್ತೂರು — ಕಂದಾಯ ಇಲಾಖೆಯ ಕಡತದಲ್ಲಿ ಇವು ಇವತ್ತಿಗೂ ಹಳ್ಳಿಗಳೇ. 1940ರಲ್ಲಿ ಪಕ್ಕದಲ್ಲಿ ವಿಮಾನ ಕಾರ್ಖಾನೆ ಬಂತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಐ.ಟಿ. ಪಾರ್ಕು ಎದ್ದಿತು. ಹೊರವರ್ತುಲ ರಸ್ತೆ ಬಂತು. 2007ರಲ್ಲಿ ಸುತ್ತಲ ಹಳ್ಳಿಗಳೆಲ್ಲ ಮಹಾನಗರ ಪಾಲಿಕೆಯ ಹೊಟ್ಟೆಯೊಳಗೆ ಹೋದವು. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಜಮೀನನ್ನು ಎಕರೆ ಗುಂಟೆಯಲ್ಲಿ ಅಳೆಯುತ್ತಿದ್ದ ಕಾಲ ಹೋಗಿ ಚದರಡಿಯಲ್ಲಿ ಅಳೆಯುವ ಕಾಲ ಬಂತು. ಗಾಜಿನ ಕಟ್ಟಡದೊಳಗೆ ಕೂತವರಿಗೆ ತಮ್ಮ ಕಾಲಡಿಯ ಸರ್ವೆ ನಂಬರು ಗೊತ್ತಿಲ್ಲ. ಗೊತ್ತಿರಬೇಕಾದ ಕಾರಣವೂ ಅವರಿಗೆ ಕಂಡಿಲ್ಲ. ಆದರೆ ಬೆಂಗಳೂರಿನ ಸುತ್ತಲ ತಾಲ್ಲೂಕುಗಳಲ್ಲಿ ಎಷ್ಟೋ ಸರ್ವೆ ನಂಬರುಗಳ ಹಳೆಯ ಕಡತ ಬಿಚ್ಚಿದರೆ ತಳದಲ್ಲಿ ಒಂದು ಸಾಗುವಳಿ ಚೀಟಿ ಸಿಗುತ್ತದೆ. ಅದರ ಮೇಲೆ ಒಬ್ಬ ಆದಿಕರ್ನಾಟಕದವನ ಹೆಸರು, ಕೆಳಗೆ ಒಂದು ಷರತ್ತು: ಈ ಭೂಮಿಯನ್ನು ಪರಭಾರೆ ಮಾಡಕೂಡದು.

ಜಾತಿ ಭೇದದ ವಿರುದ್ಧ ಇರುವ ಕಾನೂನು ಅಂದರೆ ಬಾವಿ, ಗುಡಿ, ಹೋಟೆಲಿನ ಬೇರೆ ಲೋಟ — ಇಷ್ಟೇ ಎಂದು ನಾವು ತಿಳಿದಿದ್ದೇವೆ. ಭೂಮಿಯ ಕಾನೂನೂ ಅದೇ ಜಾತಿಯ ಕಾನೂನು, ಅದಕ್ಕಿಂತ ಒಂದು ಕೈ ಹೆಚ್ಚು ಬೇಕಾದ ಕಾನೂನು ಎನ್ನುವುದನ್ನು ಚರಿತ್ರೆಯಿಂದಲೇ ತೋರಿಸಬೇಕಾಗಿದೆ.

ಕೊಟ್ಟದ್ದು ದಾನವಲ್ಲ

ಹಳೆ ಮೈಸೂರಿನ ಹಳ್ಳಿಗಳಲ್ಲಿ ಅಸ್ಪೃಶ್ಯರಿಗೆ ಭೂಮಿ ಇಲ್ಲದ್ದು ಅವರ ಸೋಮಾರಿತನದಿಂದಲ್ಲ. ಉತ್ತವರು ಅವರೇ, ಕಳೆ ಕಿತ್ತವರು ಅವರೇ, ಕಣ ಬಳಿದವರೂ ಅವರೇ. ರಾಶಿ ಅಳೆಯುವ ಹೊತ್ತಿಗೆ ಮಾತ್ರ ದೂರ ನಿಂತವರು. ಅವರ ಕೈಗೆ ಸಿಕ್ಕ ಚೂರುಪಾರು ಭೂಮಿಗೂ ಚಾಕರಿಯ ಹಗ್ಗ ಕಟ್ಟಿತ್ತು. ತೋಟಿ, ನೀರಗಂಟಿ ಎಂಬ ಹೆಸರಿನಲ್ಲಿ ಊರಿಗೆಲ್ಲ ಆಳಾಗಿ ದುಡಿದರೆ ಇನಾಮ್ತಿ ಎಂದು ಒಂದು ತುಂಡು. ಅದು ಭೂಮಿಗೆ ಅವನು ಒಡೆಯನಾದ ಕಥೆಯಲ್ಲ, ಊರಿಗೆ ಅವನ ಮಕ್ಕಳು ಮೊಮ್ಮಕ್ಕಳೂ ಆಳಾದ ಕಥೆ. ಬೆಳಗಾವಿ, ಬಿಜಾಪುರ, ಧಾರವಾಡ ಸೇರಿದ್ದ ಅಂದಿನ ಮುಂಬೈ ಪ್ರಾಂತ್ಯದಲ್ಲಿ ಇದಕ್ಕೆ ವತನ ಎಂದು ಹೆಸರು. 1928ರಲ್ಲೇ ಬಾಬಾಸಾಹೇಬ್ ಅಂಬೇಡ್ಕರ್ ಆ ಪ್ರಾಂತ್ಯದ ಶಾಸನಸಭೆಯಲ್ಲಿ ವತನದ ಕಾನೂನಿಗೆ ತಿದ್ದುಪಡಿ ಮಸೂದೆ ತಂದರು. ಅವರು ಹಿಡಿದದ್ದು ಬೇರನ್ನು: ಹೊಲದ ಹೆಸರಿನಲ್ಲಿ ಗುಲಾಮಗಿರಿ ಕೊಡಬೇಡಿ. ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ.

ಇದರ ಜೊತೆಗೆ ಇನ್ನೊಂದು ಧಾರೆ ಹರಿದುಬಂತು. ಮೈಸೂರು ಸಂಸ್ಥಾನದ ಕಾಲದಿಂದಲೇ 'ಡಿಪ್ರೆಸ್ಡ್ ಕ್ಲಾಸ್' ಎಂದು ಕರೆಯಲಾದ ಜನರಿಗೆ ಸರ್ಕಾರಿ ಜಮೀನನ್ನು ದರಖಾಸ್ತಿನ ಮೇಲೆ ಮಂಜೂರು ಮಾಡುವುದು ನಡೆಯಿತು. ಎಷ್ಟೋ ಮಂಜೂರಾತಿಗೆ ಬೆಲೆ ಇಲ್ಲ, ಅಥವಾ ನಾಮಕಾವಸ್ತೆ ಬೆಲೆ. ಆದರೆ ಷರತ್ತು ಇತ್ತು. ಕೆಲವು ಮಂಜೂರಾತಿಯಲ್ಲಿ ಎಂದೆಂದಿಗೂ ಮಾರಬಾರದು, ಕೆಲವದರಲ್ಲಿ ಇಂತಿಷ್ಟು ವರ್ಷ ಮಾರಬಾರದು. ಈ ಷರತ್ತು ಬರೆದ ಅಧಿಕಾರಿಗಳಿಗೆ ಹಳ್ಳಿ ಗೊತ್ತಿತ್ತು. ಬೇಲಿಯಿಲ್ಲದೆ ಬಿಟ್ಟರೆ ಈ ಚೀಟಿ ನಾಲ್ಕು ದಿನದಲ್ಲಿ ಸಾಹುಕಾರನ ಪೆಟ್ಟಿಗೆ ಸೇರುತ್ತದೆ ಎಂದು ಗೊತ್ತಿತ್ತು.

ಹೀಗೆ ಕೊಟ್ಟದ್ದನ್ನು ಮೇಲ್ಜಾತಿಯವರು 'ಸರ್ಕಾರ ಪುಕ್ಕಟೆ ಕೊಟ್ಟ ಭೂಮಿ' ಎಂದರು. ತಲತಲಾಂತರ ಕೂಲಿಯಿಲ್ಲದೆ ದುಡಿಸಿಕೊಂಡದ್ದು ಪುಕ್ಕಟೆಯಲ್ಲವಂತೆ, ಎರಡು ಎಕರೆ ಗೋಮಾಳ ಕೊಟ್ಟದ್ದು ಪುಕ್ಕಟೆಯಂತೆ! ಇದು ದಾನವಲ್ಲ, ಬಾಕಿ. ಸಾಲದ ಒಂದು ಕಂತು.

ಹೆಬ್ಬೆಟ್ಟಿನ ದಾರಿ

ಬೇಲಿ ಕಾಗದದಲ್ಲಿತ್ತು. ಭೂಮಿ ಹೋದದ್ದೂ ಕಾಗದದಲ್ಲೇ. ಮಗಳ ಮದುವೆಗೆ ಇನ್ನೂರು ರೂಪಾಯಿ, ಹೆಂಡತಿಯ ಕಾಯಿಲೆಗೆ ಐವತ್ತು, ಮಳೆ ಕೈಕೊಟ್ಟ ವರ್ಷ ನಾಲ್ಕು ಪಲ್ಲ ರಾಗಿ. ಮೊದಲು ಭೋಗ್ಯ. ಆಮೇಲೆ ಬಡ್ಡಿ ತೀರದೆ ಕ್ರಯ. ಕಾಗದ ಓದಿ ಹೇಳುವವನೂ ಸಾಹುಕಾರನ ಕಡೆಯವನೇ, ಸಾಕ್ಷಿ ಹಾಕುವವನೂ ಅವನ ಕಡೆಯವನೇ. ಹೆಬ್ಬೆಟ್ಟು ಮಾತ್ರ ಇವನದು. ರಿಜಿಸ್ಟ್ರಿ ಕಛೇರಿಯಲ್ಲಿ 'ಇದು ಮಂಜೂರಾತಿ ಜಮೀನಲ್ಲವೇನಪ್ಪಾ, ಷರತ್ತು ಏನಿದೆ?' ಎಂದು ಕೇಳಿದವರಿಲ್ಲ. ಪಹಣಿಯಲ್ಲಿ ಹೆಸರು ಬದಲಾಯಿತು. ತನ್ನ ಹೊಲಕ್ಕೇ ಅವನು ಕೂಲಿಗೆ ಹೋದ. ಯಾರೂ ಹೊಡೆಯಲಿಲ್ಲ, ಗುಡಿಸಲಿಗೆ ಬೆಂಕಿ ಹಚ್ಚಲಿಲ್ಲ. ಆದ್ದರಿಂದ ಇದು ದೌರ್ಜನ್ಯ ಎಂದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ 'ಉಳುವವನೇ ಭೂಮಿಯೊಡೆಯ' ಎಂದಿತು. ದೊಡ್ಡ ಮಾತು, ದೊಡ್ಡ ಕೆಲಸವೂ ಹೌದು. ಆದರೆ ಅಲ್ಲಿ ಉಳುವವನು ಅಂದರೆ ಗೇಣಿದಾರ. ದಲಿತರಲ್ಲಿ ಹೆಚ್ಚಿನವರು ಗೇಣಿದಾರರೂ ಅಲ್ಲ, ಬರಿಯ ಕೂಲಿಗಳು, ಜೀತದಾಳುಗಳು. ಗೇಣಿಯ ಚೀಟಿಯಿಲ್ಲದವನು ಭೂನ್ಯಾಯ ಮಂಡಳಿಯ ಮುಂದೆ ಏನೆಂದು ನಿಲ್ಲಬೇಕು? ಜೀತವನ್ನು ಕಾನೂನು ರದ್ದು ಮಾಡಿದ್ದೇ 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ. ಹೀಗಾಗಿ ಹೊಸ ಭೂಮಿ ಸಿಗುವುದು ಒಂದು ಪ್ರಶ್ನೆಯಾದರೆ, ಹಿಂದೆ ಸಿಕ್ಕಿ ಕೈಬಿಟ್ಟ ಭೂಮಿಯನ್ನು ವಾಪಸು ಪಡೆಯುವುದು ಇನ್ನೊಂದು ಪ್ರಶ್ನೆಯಾಗಿ ಎದ್ದಿತು. ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿ ಭೂಮಿಯ ಮಾತನ್ನು ಬೀದಿಗೆ ತಂದ ಕಾಲ ಅದು.

ಕಾಯಿದೆಯ ಒಳಗೆ ಏನಿದೆ?

ದೇವರಾಜ ಅರಸರ ಸರ್ಕಾರ 1978ರಲ್ಲಿ ಒಂದು ಕಾಯಿದೆ ಮಾಡಿತು. ಕರ್ನಾಟಕ ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳ (ಕೆಲವು ಭೂಮಿಗಳ ಪರಭಾರೆ ನಿಷೇಧ) ಕಾಯಿದೆ. ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. 1979ರ ಜನವರಿ 1ರಿಂದ ಜಾರಿ. ಓದಿದವರು ಇದರ ನಾಲ್ಕು ಗಂಟುಗಳನ್ನು ಬಿಚ್ಚಿ ಓದದವರಿಗೆ ಹೇಳಬೇಕು.

ಒಂದು: ಮಂಜೂರಾತಿಯ ಷರತ್ತು ಮುರಿದು ಆದ ಪರಭಾರೆ, ಕಾಯಿದೆಗೆ ಮೊದಲು ಆಗಿರಲಿ ನಂತರ ಆಗಿರಲಿ, ಅಸಿಂಧು. ಆ ಕಾಗದಕ್ಕೆ ಜೀವವೇ ಇಲ್ಲ. ಎರಡು: ಕಾಯಿದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಭೂಮಿಯನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮೂರು: ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು, ಆ ಭೂಮಿಯನ್ನು ವಶಕ್ಕೆ ತೆಗೆದುಕೊಂಡು ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ಬಿಡಿಸಿಕೊಡಬೇಕು. ಇದಕ್ಕೆ ವಾರಸುದಾರನೇ ಅರ್ಜಿ ಕೊಡಬೇಕೆಂದಿಲ್ಲ. ಯಾರಾದರೂ ಬರವಣಿಗೆಯಲ್ಲಿ ತಿಳಿಸಿದರೂ ಸಾಕು. ಯಾರೂ ತಿಳಿಸದಿದ್ದರೆ ಅಧಿಕಾರಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ನಾಲ್ಕು: ಮಂಜೂರಾತಿ ಭೂಮಿ ಬೇರೆಯವರ ಕೈಲಿದ್ದರೆ, ಅದು ಅಸಿಂಧು ಪರಭಾರೆಯಿಂದಲೇ ಬಂದದ್ದು ಎಂದು ಕಾನೂನು ಮೊದಲೇ ಭಾವಿಸುತ್ತದೆ. ಹಾಗಲ್ಲ ಎಂದು ರುಜುವಾತು ಮಾಡುವ ಹೊಣೆ ಹಿಡಿದುಕೊಂಡವನದು.

ಈ ನಾಲ್ಕನೆಯ ಗಂಟೇ ಕಾಯಿದೆಯ ಪ್ರಾಣ. ಕೋರ್ಟಿನ ಮಾಮೂಲಿ ನ್ಯಾಯದಲ್ಲಿ ಕೇಳಿದವನೇ ಸಾಬೀತು ಮಾಡಬೇಕು. ಆ ನ್ಯಾಯ ಕಾಗದ ಇದ್ದವನ ನ್ಯಾಯ. ಕಾಗದ ಓದಲು ಬಾರದಂತೆ ಸಾವಿರಾರು ವರ್ಷ ಅಕ್ಷರದಿಂದ ದೂರ ಇಟ್ಟು, ಆಮೇಲೆ 'ಎಲ್ಲಿ ನಿನ್ನ ಕಾಗದ?' ಎಂದು ಕೇಳುವುದು ಎಂಥ ಸಮಾನತೆ?

ಸಾಕ್ಷಿಯ ಕಷ್ಟ ಎಷ್ಟೆಂಬುದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಮೊಕದ್ದಮೆ ಇದೆ. ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆದದ್ದು 1955ರಲ್ಲಿ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು. ಹೊಸದಾಗಿ ತೋಡಿದ ಕೊಳವೆಬಾವಿಯಿಂದ ದಲಿತರು ನೀರು ತೆಗೆಯದಂತೆ ಬೆದರಿಸಿ ತಡೆದ ಪ್ರಕರಣದಲ್ಲಿ ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟವು, ಹೈಕೋರ್ಟು ಬಿಟ್ಟಿತು, ಸುಪ್ರೀಂ ಕೋರ್ಟು 1992ರ ಡಿಸೆಂಬರ್ 1ರಂದು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಕರ್ನಾಟಕ ರಾಜ್ಯ ವಿರುದ್ಧ ಅಪ್ಪಾ ಬಾಳು ಇಂಗಳೆ ಎಂದು ಅದರ ಹೆಸರು. ಒಂದು ಕೊಡ ನೀರಿನ ಹಕ್ಕು ದೆಹಲಿ ತನಕ ನಡೆದುಹೋಗಬೇಕಾಯಿತು! ಊರ ಗೌಡನ ಹೊಲದಲ್ಲೇ ನಾಳೆ ಕೂಲಿಗೆ ಹೋಗಬೇಕಾದವನು ಇವತ್ತು ಅವನ ವಿರುದ್ಧ ಕಟಕಟೆ ಹತ್ತಿ ಸಾಕ್ಷಿ ಹೇಳುವುದು ಹೇಗೆ? ಅದಕ್ಕೇ ಭೂಮಿಯ ಕಾನೂನು ಬಾವಿಯ ಕಾನೂನಿಗೆ ಬೆನ್ನೆಲುಬು. ಸ್ವಂತ ಎರಡು ಎಕರೆ ಇದ್ದವನ ದನಿಯೇ ಬೇರೆ.

ಸಮಾನತೆ ಎಂಬ ಕತ್ತಿ

ಕಾಯಿದೆ ಬಂದದ್ದೇ ತಡ, ಕೊಂಡವರು ಕೋರ್ಟಿಗೆ ಓಡಿದರು. ಅವರು ಹಿಡಿದ ಆಯುಧ ನೋಡಿ: ಸಂವಿಧಾನದ 14ನೇ ವಿಧಿ. ಎಲ್ಲರೂ ಸಮಾನರು ಎಂದ ಮೇಲೆ ಪರಿಶಿಷ್ಟರ ಭೂಮಿಗೆ ಮಾತ್ರ ಬೇರೆ ಕಾನೂನು ಏಕೆ? ಇದು ತಾರತಮ್ಯವಲ್ಲವೆ? ದುಡ್ಡು ಕೊಟ್ಟು ಕೊಂಡ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳಬಹುದೆ? ಯಾವ ಸಮಾನತೆಯನ್ನು ಕೇರಿಯ ಬಾಗಿಲಿಗೂ ಬಿಟ್ಟಿರಲಿಲ್ಲವೋ ಅದೇ ಸಮಾನತೆಯನ್ನು ಕೇರಿಯ ವಿರುದ್ಧವೇ ಝಳಪಿಸಿದರು.

ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಉತ್ತರ ಕೊಟ್ಟಿತು. ಕಾಯಿದೆ ಸಿಂಧು. ಬಡತನ, ಅಕ್ಷರಹೀನತೆ, ಸಾಮಾಜಿಕ ದೌರ್ಬಲ್ಯದ ಲಾಭ ಪಡೆದು ಬಲಾಢ್ಯರು ಕಬಳಿಸುವುದನ್ನು ತಡೆಯಲೆಂದೇ ಷರತ್ತು ಇತ್ತು. ಷರತ್ತು ಗೊತ್ತಿದ್ದೂ ಕೊಂಡವರು ಈಗ ಅನ್ಯಾಯವಾಯಿತು ಎನ್ನುವಂತಿಲ್ಲ. ದುರ್ಬಲ ವರ್ಗಗಳ ಹಿತವನ್ನು ವಿಶೇಷ ಕಾಳಜಿಯಿಂದ ಕಾಯಬೇಕೆಂದು ಸಂವಿಧಾನದ 46ನೇ ವಿಧಿಯೇ ಸರ್ಕಾರಕ್ಕೆ ಹೇಳಿದೆ. ಆದರೆ ಒಂದು ಕಿಂಡಿಯನ್ನೂ ಕೋರ್ಟು ಬಿಟ್ಟಿತು. ಕಾಯಿದೆ ಬರುವ ಮೊದಲೇ ಪ್ರತಿಕೂಲ ಸ್ವಾಧೀನದಿಂದ ಹಕ್ಕು ಗಟ್ಟಿಯಾಗಿದ್ದವರಿಗೆ ಇದು ತಟ್ಟುವುದಿಲ್ಲ ಎಂದಿತು. ಎಷ್ಟು ಕಾಲ ದಕ್ಕಿಸಿಕೊಂಡಿದ್ದರೋ ಅಷ್ಟು ಗಟ್ಟಿ!

ಇಲ್ಲಿ ಹೊರಜಗತ್ತಿನ ಒಂದು ಮಾತು ಬೇಕು. ಅಸ್ಪೃಶ್ಯತೆ ರದ್ದು ಮಾಡುವ 17ನೇ ವಿಧಿಯನ್ನು ನಮ್ಮ ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರ್ 29ರಂದು. ಹನ್ನೊಂದು ದಿನ ಕಳೆದು ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು. ಅದರಲ್ಲೂ 17ನೇ ವಿಧಿ ಒಂದಿದೆ. ಅದು ಆಸ್ತಿ ಹೊಂದುವ ಹಕ್ಕಿನದು, ಯಾರ ಆಸ್ತಿಯನ್ನೂ ಮನಬಂದಂತೆ ಕಿತ್ತುಕೊಳ್ಳಬಾರದು ಎಂಬುದು. ಈ ಎರಡು ಹದಿನೇಳನ್ನು ಒಟ್ಟಿಗೆ ಇಟ್ಟು ಓದಿ. ಮುಟ್ಟಬಾರದವನು ಎಂದು ಹೊರಗಿಟ್ಟದ್ದೂ ಭೂಮಿ ಇಲ್ಲದಂತೆ ಮಾಡಿದ್ದೂ ಒಂದೇ ಕೈ. ಒಂದನ್ನು ಬಿಟ್ಟು ಇನ್ನೊಂದನ್ನು ರದ್ದು ಮಾಡಲಾಗುವುದಿಲ್ಲ.

1965ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಜನಾಂಗ ಭೇದವನ್ನು ಅಳಿಸುವ ಒಡಂಬಡಿಕೆ ಮಾಡಿತು. 1968ರಲ್ಲಿ ಭಾರತ ಅದನ್ನು ಅನುಮೋದಿಸಿತು. ಹಿಂದುಳಿಸಲ್ಪಟ್ಟವರನ್ನು ಮೇಲೆತ್ತಲು ಮಾಡುವ ವಿಶೇಷ ಕ್ರಮಗಳು ತಾರತಮ್ಯವಲ್ಲ ಎಂದು ಆ ಒಡಂಬಡಿಕೆ ಬಿಡಿಸಿ ಹೇಳುತ್ತದೆ. ಹುಟ್ಟಿನ ಮೂಲದ ಭೇದ ಎಂದರೆ ಜಾತಿಯೂ ಅದರೊಳಗೆ ಬರುತ್ತದೆ ಎಂದು ಅದರ ಸಮಿತಿ 2002ರಲ್ಲಿ ಹೇಳಿತು. ಅದಕ್ಕೆ ಹಿಂದಿನ ವರ್ಷ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರ ಜಾತಿ ಬೇರೆ ಜನಾಂಗ ಬೇರೆ ಎಂದು ವಾದಿಸಿತ್ತು. ಹೊರಗಿನವರ ಮುಂದೆ ಮನೆಯ ಹುಣ್ಣು ಮುಚ್ಚಿಕೊಳ್ಳುವ ಹಳೆಯ ಚಾಳಿ.

ತಡ ಮಾಡಿದವರು ಯಾರು?

1984ರಲ್ಲಿ ಮುಂಬಾಗಿಲಿನಿಂದ ಸೋತವರು ಹಿತ್ತಲಿನಿಂದ ಬಂದರು. ಕಾಯಿದೆಯಲ್ಲಿ ಅರ್ಜಿಗೆ ಕಾಲಮಿತಿ ಇರಲಿಲ್ಲ. ಬೇಕೆಂದೇ ಇರಲಿಲ್ಲ. ಎರಡನೆಯ ತಲೆಮಾರು ಅಕ್ಷರ ಕಲಿತು ಅಜ್ಜನ ಕಾಗದ ಹುಡುಕುವ ಹೊತ್ತಿಗೆ ಇಪ್ಪತ್ತು ಮೂವತ್ತು ವರ್ಷ ಆಗಿರುತ್ತದೆ. ಅಷ್ಟರಲ್ಲಿ ಬೆಂಗಳೂರಿನ ಸುತ್ತ ಎಕರೆಯ ಬೆಲೆ ಸಾವಿರದಿಂದ ಕೋಟಿಗೆ ಹೋಗಿರುತ್ತದೆ. 2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಬರೆದಿಲ್ಲದಿದ್ದರೂ 'ಸಮಂಜಸ ಸಮಯ'ದೊಳಗೆ ಅರ್ಜಿ ಬರಬೇಕು, ಕಾಯಿದೆ ಬಂದು 25 ವರ್ಷವಾದ ಮೇಲೆ ಬಂದದ್ದು ತಡ ಎಂದಿತು. ಆ ಒಂದು ತೀರ್ಪು ಹಿಡಿದು ಎ.ಸಿ. ಕೋರ್ಟು, ಡಿ.ಸಿ. ಕೋರ್ಟು, ಹೈಕೋರ್ಟಿನಲ್ಲಿ ಅರ್ಜಿಗಳು ಸಾಲಾಗಿ ಬಿದ್ದವು.

ಗೆಳೆಯರೇ, ಈ 'ತಡ' ಎಂಬ ಮಾತನ್ನು ನಾವು ಕೆದಕಬೇಕು. ತಾನಾಗಿಯೇ ಕೈಗೆತ್ತಿಕೊಳ್ಳುವ ಅಧಿಕಾರವನ್ನು ಕಾನೂನು ಯಾರಿಗೆ ಕೊಟ್ಟಿತ್ತು? ಎ.ಸಿ.ಗೆ. ಮಂಜೂರಾತಿ ರಿಜಿಸ್ಟರು ಯಾರ ಬೀರುವಿನಲ್ಲಿತ್ತು? ತಾಲ್ಲೂಕು ಕಛೇರಿಯಲ್ಲಿ. ಮಾರಾಟದ ನೋಂದಣಿ ಮಾಡಿದವರು ಯಾರು? ಸರ್ಕಾರದ ನೌಕರರೇ. 25 ವರ್ಷ ಕೂತವರು ಅವರು, ತಡ ಮಾಡಿದ ಎಂಬ ತಪ್ಪು ಮಾತ್ರ ಕೂಲಿಯವನ ಮಗನ ತಲೆಗೆ!

ದಕ್ಷಿಣ ಆಫ್ರಿಕವನ್ನು ನೋಡಿ. ಬಿಳಿಯರ ಆಡಳಿತ ಕೊನೆಗಂಡ 1994ರಲ್ಲೇ ಅಲ್ಲಿ ಭೂಮಿ ಮರಳಿಸುವ ಕಾಯಿದೆ ಮಾಡಿದರು. 1913ರ ಜೂನ್ 19ರ ನಂತರ ಜನಾಂಗ ಭೇದದ ಕಾನೂನುಗಳಿಂದ ಭೂಮಿ ಕಳೆದುಕೊಂಡವರು ಕೇಳಬಹುದು ಎಂದರು. ಎಂಬತ್ತು ವರ್ಷ ಹಿಂದಕ್ಕೆ ಹೋದರು. ಅರ್ಜಿ ಹಾಕಲು ಅಲ್ಲಿಯೂ ಗಡುವು ಇತ್ತು, 1998ರ ಕೊನೆಯ ತನಕ. ಆದರೆ ಗಡುವನ್ನು ಮೊದಲೇ ಸಾರಿ ಹೇಳಿದ್ದರು. ಬಾಗಿಲು ಮುಚ್ಚಿದ ಮೇಲೆ 'ಬಾಗಿಲು ಇಷ್ಟು ಹೊತ್ತಿಗೆ ಮುಚ್ಚುತ್ತಿತ್ತು' ಎಂದು ಹೇಳಲಿಲ್ಲ.

ಇಲ್ಲಿ ಭೂಮಿ ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 2023ರ ಜುಲೈನಲ್ಲಿ ವಿಧಾನಮಂಡಲ ತಿದ್ದುಪಡಿ ಒಪ್ಪಿತು. ಬೇರೆ ಯಾವ ಕಾನೂನಿನಲ್ಲಿ ಏನೇ ಇರಲಿ, ಈ ಕಾಯಿದೆಯ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಯಿತು. ಅಷ್ಟಕ್ಕೂ ಮುಗಿಯಲಿಲ್ಲ. ಕಾಲಮಿತಿ ಬೇರೆ, ವಿಳಂಬ ಬೇರೆ ಎಂಬ ವಾದ ಹೈಕೋರ್ಟಿನಲ್ಲಿ ತಿದ್ದುಪಡಿಯ ನಂತರವೂ ಎದ್ದಿತು. ಪದಕೋಶದಲ್ಲಿ ಪದಗಳು ಮುಗಿಯುವ ತನಕ ನಮ್ಮ ಭೂಮಿಗೆ ಬಿಡುಗಡೆಯಿಲ್ಲವೇನೋ.

ಬೇಲಿಯಲ್ಲಿನ ತೂತುಗಳು

ಕಾಯಿದೆಯನ್ನು ಹೊಗಳಿ ಕೂತರೆ ಸಾಲದು. ತೂತುಗಳನ್ನೂ ಎಣಿಸಬೇಕು. 'ಮಂಜೂರಾದ ಭೂಮಿ' ಎಂಬ ಅರ್ಥವಿವರಣೆಯಲ್ಲೇ ವಂಶಪಾರಂಪರ್ಯ ಹುದ್ದೆಯ ಭೂಮಿಯನ್ನು ಹೊರಗಿಟ್ಟಿದ್ದಾರೆ. ಅಂದರೆ ತೋಟಿ ಇನಾಮ್ತಿಯಿಂದ ಮರುಮಂಜೂರಾದ ಹೊಲಕ್ಕೆ ಈ ಬೇಲಿ ಇಲ್ಲ. ಎಲ್ಲರಿಗಿಂತ ಹೆಚ್ಚು ಚಾಕರಿ ಮಾಡಿದವನ ಭೂಮಿಗೇ ಕಾವಲು ಕಡಿಮೆ!

ಸರ್ಕಾರವೇ ಕೈಗಾರಿಕೆಗೆಂದು, ರಸ್ತೆಗೆಂದು ಭೂಮಿ ತೆಗೆದುಕೊಂಡಾಗ ಇನ್ನೊಂದು ತೂತು. ಪಹಣಿಯಲ್ಲಿ ಯಾರ ಹೆಸರಿದೆಯೋ ಪರಿಹಾರಕ್ಕೆ ಮೊದಲು ಕೈ ಚಾಚುವವನು ಅವನು. ಮೂಲ ಮಂಜೂರಿದಾರನ ಮಕ್ಕಳಿಗೆ ವಿಷಯ ಗೊತ್ತಾಗುವುದು ಕಾಂಪೌಂಡು ಎದ್ದ ಮೇಲೆ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕಿದ್ದ ತಡೆ ಹೋಯಿತು. ಆ ಬೇಲಿ ಬಿದ್ದ ಮೇಲೆ ಮಂಜೂರಾತಿ ಜಮೀನಿಗೆ ಉಳಿದಿರುವ ಗಟ್ಟಿ ಬೇಲಿ ಪಿ.ಟಿ.ಸಿ.ಎಲ್. ಒಂದೇ.

ನಮ್ಮೊಳಗಿನ ತೂತನ್ನೂ ಹೇಳಬೇಕು. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡುವವರು ನಾವೇ. ಅಕ್ಕತಂಗಿಯರಿಗೆ ಅರಿಶಿನ ಕುಂಕುಮ ಸಾಕು ಎನ್ನುವವರಿಗೂ, ಕೇರಿಗೆ ಕೂಲಿ ಸಾಕು ಎನ್ನುವ ಊರಿನವರಿಗೂ ಏನು ವ್ಯತ್ಯಾಸ? ಇನ್ನು ಕೇಸಿನ ಖರ್ಚು ನಾನು ಹಾಕುತ್ತೇನೆ, ಭೂಮಿ ಬಂದ ಮೇಲೆ ನನಗೆ ಕೊಡು ಎಂದು ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ದಲ್ಲಾಳಿ. ಹಿಂದಿನ ಸಾಹುಕಾರ ರಾಗಿ ಅಳೆದು ಕೊಡುತ್ತಿದ್ದ, ಇವನು ವಕೀಲರ ಫೀಜು ಕೊಡುತ್ತಾನೆ. ಹೆಬ್ಬೆಟ್ಟಿನ ಜಾಗಕ್ಕೆ ರುಜು ಬಂದಿದೆ, ಅಷ್ಟೇ.

ಓದಿದವರ ಕೆಲಸ

1989ರ ದೌರ್ಜನ್ಯ ತಡೆ ಕಾಯಿದೆ ಪರಿಶಿಷ್ಟರ ಭೂಮಿಯನ್ನು ಅಕ್ರಮವಾಗಿ ಹಿಡಿಯುವುದನ್ನು, ಅವರನ್ನು ಭೂಮಿಯಿಂದ ಹೊರಹಾಕುವುದನ್ನು ದೌರ್ಜನ್ಯದ ಪಟ್ಟಿಯಲ್ಲೇ ಸೇರಿಸಿತು. 2005ರ ಮಾಹಿತಿ ಹಕ್ಕು ಕಾಯಿದೆ ತಾಲ್ಲೂಕು ಕಛೇರಿಯ ಬೀರುವಿಗೆ ನಮ್ಮ ಕೈಗೂ ಒಂದು ಕೀಲಿ ಕೊಟ್ಟಿತು. ಆಯುಧಗಳಿವೆ. ಹಿಡಿಯುವ ಕೈ ಬೇಕು.

ಹಳ್ಳಿಯ ಮೇಷ್ಟರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಭಾಷಣ ಮಾಡುವುದಕ್ಕೆ ಮುಂಚೆ ಒಂದು ಕೆಲಸ ಮಾಡಲಿ. ಕೇರಿಯ ಹಿರಿಯರನ್ನು ಕೂರಿಸಿಕೊಂಡು ಯಾವ ಹೊಲ ಯಾರಿಗೆ ಮಂಜೂರಾಗಿತ್ತು ಎಂದು ಕೇಳಿ ಬರೆದುಕೊಳ್ಳಲಿ. ಸರ್ವೆ ನಂಬರು ಹಿಡಿದು ಮಂಜೂರಾತಿ ರಿಜಿಸ್ಟರು, ಸಾಗುವಳಿ ಚೀಟಿ, ಹಳೆಯ ಪಹಣಿ, ಮ್ಯುಟೇಶನ್ ಇವುಗಳ ದೃಢೀಕೃತ ನಕಲು ತೆಗೆಯಲಿ. ಷರತ್ತು ಏನಿದೆ, ಎಷ್ಟು ವರ್ಷದ್ದು ಎಂದು ಓದಿ ಹೇಳಲಿ. ಬರವಣಿಗೆಯಲ್ಲಿ ಎ.ಸಿ.ಗೆ ತಿಳಿಸಿ ಸ್ವೀಕೃತಿ ಪಡೆಯಲಿ. ವಂಶವೃಕ್ಷದಲ್ಲಿ ಮಗಳ ಹೆಸರು ಬರೆಸಲಿ. ಇದರಲ್ಲಿ ವೀರಾವೇಶ ಏನೂ ಇಲ್ಲ. ಕ್ಯೂನಲ್ಲಿ ನಿಲ್ಲಬೇಕು, ಗುಮಾಸ್ತರ ಹತ್ತಿರ 'ನಾಳೆ ಬನ್ನಿ' ಅನ್ನಿಸಿಕೊಳ್ಳಬೇಕು, ನಾಳೆಯೂ ಹೋಗಬೇಕು.

ಮಾರತ್ತಹಳ್ಳಿಯ ಸುತ್ತ ಎದ್ದು ನಿಂತ ಕಟ್ಟಡಗಳನ್ನೆಲ್ಲ ಕೆಡವಿ ರಾಗಿ ಬಿತ್ತಬೇಕೆಂದು ಯಾರೂ ಹೇಳುತ್ತಿಲ್ಲ. ಯಾವ ಭೂಮಿ ಯಾರದಾಗಿತ್ತು, ಯಾವ ಷರತ್ತು ಮುರಿದು ಹೋಯಿತು, ಅದರ ಬೆಲೆ ಯಾರ ಜೇಬು ಸೇರಿತು — ಇದರ ಲೆಕ್ಕ ಹೋಬಳಿವಾರು ಹೊರಬರಲಿ ಎಂದಷ್ಟೇ ಕೇಳುತ್ತಿದ್ದೇವೆ. ಅರ್ಜಿಗಾಗಿ ಕಾಯದೆ ಸರ್ಕಾರವೇ ತನ್ನ ರಿಜಿಸ್ಟರು ಬಿಚ್ಚಲಿ. ಬಿಚ್ಚುವ ಅಧಿಕಾರ 1979ರ ಜನವರಿ 1ರಿಂದಲೇ ಅದರ ಕೈಲಿದೆ.